ಸಾಫ್ತಾಳ ಮಗಳಿದ್ದ ಪಿಶಾಚಿ ಸಿನಿಮಾ

ಸಾಫ್ತಾ ತನ್ನ ಜೀವಮಾನದಲ್ಲಿ ಮೊದಲಿನಿಂದ ಕೊನೆಯವರೆಗೆ ಕೂತು ನೋಡಿದ್ದು ಒಂದೇ ಒಂದು ಸಿನಿಮಾ. ಅದೂ ಎಂಥ ಸಿನಿಮಾ! ನೋಡಿದವರಲ್ಲಿ ಒಬ್ಬರೂ ಅದನ್ನು ಚೆನ್ನಾಗಿದೆ ಅಂದವರಿಲ್ಲ, ಸಾಫ್ತಾಳೂ ಅನ್ನಲಿಲ್ಲ. ಹಾಗಿದ್ದರೂ ಅದರ ಕ್ಯಾಸೆಟ್ಟನ್ನು ಮೇರಿಮಾತೆಯ ಪಟದ ಹಿಂದೆ, ಒಣಗಿದ ಕಾಮಕಸ್ತೂರಿಯ ಕಟ್ಟಿನ ಪಕ್ಕದಲ್ಲಿ ಇಟ್ಟುಕೊಂಡಿದ್ದಳು.

ಗಂಡ ಬಾವಿ ತೋಡುವಾಗ ಮಣ್ಣು ಕುಸಿದು ಒಳಗೇ ಉಳಿದುಹೋಗಿದ್ದ. ಆಗ ಮಗಳು ಇಲಿಂಕಾ ಇನ್ನೂ ತೊಟ್ಟಿಲಲ್ಲಿದ್ದಳು. ಸಾಫ್ತಾ ಸರ್ಕಾರಿ ಫಾರಂನಲ್ಲಿ ಹಸುಗಳ ಹಾಲು ಕರೆದು ಮಗಳನ್ನು ಬೆಳೆಸಿದಳು. ಆಮೇಲೆ ಆ ಸರ್ಕಾರವೂ ಹೋಯಿತು, ಫಾರಂ ಕೂಡ ಮುಚ್ಚಿತು, ಹಸುಗಳನ್ನು ಯಾರು ಯಾರೋ ಹೊಡೆದುಕೊಂಡು ಹೋದರು. ಸಾಫ್ತಾಳ ಕೈಯಲ್ಲಿ ಉಳಿದದ್ದು ಒಂದೇ ವಿದ್ಯೆ. ಸತ್ತವರ ಹೆಸರಿನಲ್ಲಿ ಹಂಚುವ ಸಿಹಿ ಗೋಧಿಯನ್ನು ಅವಳ ಹಾಗೆ ಬೇಯಿಸುವವರು ಸುತ್ತಮುತ್ತ ಇರಲಿಲ್ಲ. ಕಾಳು ಒಡೆಯಬಾರದು, ಗಟ್ಟಿಯೂ ಇರಬಾರದು, ಮೇಲೆ ಹಾಕಿದ ಆಕ್ರೋಟಿನ ಪುಡಿ ನೆನೆಯಬಾರದು. ಯಾರ ಮನೆಯಲ್ಲಿ ಸಾವಾದರೂ ಮೊದಲು ಪಾದ್ರಿಗೆ, ಆಮೇಲೆ ಸಾಫ್ತಾಳಿಗೆ ಕರೆ ಬರುತ್ತಿತ್ತು.

ಸಿನಿಮಾದವರು ಬಂದದ್ದು ಈ ಬರಗೆಟ್ಟ ಕಾಲದಲ್ಲೇ. ಊರಾಚೆಯ ಹಾಳು ಬಂಗಲೆಗೆ ರಟ್ಟಿನ ಗೋಪುರ ಕಟ್ಟಿ ಅದನ್ನು ಕೋಟೆ ಅಂದರು. ಊರಿನವರಿಗೆ ದಿನಗೂಲಿ ಕೊಟ್ಟು ಪಂಜು ಹಿಡಿಸಿದರು, ಓಡಿಸಿದರು, ಕಿರುಚಿಸಿದರು. ನಟನೆಗೆ ಬಂದ ಪಿಶಾಚಿ ಎಲ್ಲಿಯವನೋ, ಬಿಡುವಾದಾಗಲೆಲ್ಲ ನಮ್ಮ ಪ್ಲಮ್ ಹಣ್ಣಿನ ಸಾರಾಯಿ ಹೀರಿಕೊಂಡು ಬಿಸಿಲು ಕಾಯಿಸುತ್ತಿದ್ದ.

"ಇದೆಂಥಾ ಪಿಶಾಚಿ ಅತ್ತಿಗೆ?" ಅಂತ ಸಾಫ್ತಾಳ ಮೈದುನ ನಿಸ್ತೋರ್ ಬೇಲಿಗೆ ಒರಗಿ ಕೇಳಿದ. "ತಲೆಗೆ ಎಣ್ಣೆ ಮೆತ್ಕೊಂಡು, ಕರೀ ಕೋಟು ತಗಲಾಕ್ಕೊಂಡು, ಮದುವೇಗೆ ಹೊರಟಿರೋ ವಕೀಲನ ಹಂಗಿದಾನೆ!"

"ನಿನಗ್ಯಾಕೆ? ಕೂಲಿ ಕೊಡ್ತಾನಲ್ಲ, ಇಸ್ಕೊಂಡು ಸುಮ್ನಿರು."

"ನಾನು ಸುಮ್ನಿರ್ತೀನಿ. ನಿನ್ ಮಗಳನ್ನ ಹೆಣದ ಪೆಟ್ಟಿಗೇಲಿ ಮಲಗಿಸ್ತಾರಂತೆ, ಗೊತ್ತಾ? ಬದುಕಿರೋರು ಅದರೊಳಗೆ ಮಲಗಬಾರದು ಅತ್ತಿಗೆ. ಪೆಟ್ಟಿಗೆಗೆ ರುಚಿ ಹತ್ತುತ್ತೆ."

ಸಾಫ್ತಾ ಮಗಳನ್ನು ತಡೆಯಲು ತಿರುಗಿದಳು. ಆದರೆ ಇಲಿಂಕಾ ಆಗಲೇ ಮದುವಣಗಿತ್ತಿಯ ಬಿಳಿ ಗೌನು ತೊಟ್ಟು ಅಂಗಳದಲ್ಲಿ ಗಿರ್ರನೆ ತಿರುಗುತ್ತಿದ್ದಳು. ಹತ್ತೊಂಬತ್ತರ ಹುಡುಗಿ, ಅಂಥ ಬಟ್ಟೆ ಮೈಮೇಲೆ ಬಿದ್ದದ್ದೇ ಮೊದಲು. ಬೇಡ ಅನ್ನಲು ಸಾಫ್ತಾಳಿಗೆ ಬಾಯಿ ಬರಲಿಲ್ಲ.

ನಮ್ಮ ಕಡೆ ಸತ್ತು ಸುಮ್ಮನಿರದವರನ್ನು ಸ್ತ್ರಿಗೋಯಿ ಅನ್ನುತ್ತೇವೆ. ಅವರಿಗೆ ಕೋಟೆಯೂ ಇಲ್ಲ, ಕೋಟೂ ಇಲ್ಲ. ಅವರು ನಮ್ಮ ಅಪ್ಪ, ನಮ್ಮ ಅಕ್ಕ, ನಾವೇ ಹೂತು ಬಂದ ಮಗು. ರಾತ್ರಿ ಎದ್ದು ಬಂದು ತಮ್ಮವರ ಮಂಚದ ಅಂಚಿನಲ್ಲೇ ಕೂರುತ್ತಾರೆ, ತಮ್ಮವರನ್ನೇ ಸೊರಗಿಸುತ್ತಾರೆ. ಅದಕ್ಕೇ ಅವರು ಹೆಚ್ಚಾಗಿ ತಿರುಗಾಡುವ ರಾತ್ರಿ, ಚಳಿಗಾಲದ ಮೊದಲಿಗೆ ಬರುವ ಸಂತ ಅಂದ್ರೆಯನ ಹಬ್ಬದ ಹಿಂದಿನ ಸಂಜೆ, ಅವರು ಒಳಗೆ ಬಾರದಿರಲಿ ಅಂತ ಮನೆಮನೆಯವರೂ ಬಾಗಿಲು ಕಿಟಕಿಗಳಿಗೆ ಬೆಳ್ಳುಳ್ಳಿ ಉಜ್ಜುತ್ತಾರೆ. ಆ ಅಗ್ಗದ ಸಿನಿಮಾಗಳನ್ನು ನಮ್ಮ ಜನ ಬಾಯಿ ಬಿಟ್ಟುಕೊಂಡು ನೋಡುವುದು ಯಾಕೆ ಅಂತ ಪಟ್ಟಣದವರು ನಗುತ್ತಾರೆ. ನಗಲಿ. ಅವುಗಳಲ್ಲಿ ಕೊಲ್ಲುವವನು ಯಾವುದೋ ಕೋಟೆಯ ದೊರೆ, ಹೊರಗಿನವನು. ಎದೆಗೊಂದು ಗೂಟ ಹೊಡೆದರೆ ಬೂದಿಯಾಗುತ್ತಾನೆ, ಬೆಳಗಾಗುತ್ತದೆ, ಎಲ್ಲರೂ ಮನೆಗೆ ಹೋಗುತ್ತಾರೆ. ಸ್ವಂತ ಮಗಳಿಗೆ ಹೆದರಬೇಕಾಗಿಲ್ಲದ ಆ ಒಂದೂವರೆ ಗಂಟೆ ನಮ್ಮಂಥವರಿಗೆ ಹಬ್ಬವಿದ್ದ ಹಾಗೆ.

ಮಾರನೆಯ ವರ್ಷ ಕ್ಯಾಸೆಟ್ಟು ಪೇಟೆಗೆ ಬಂತು. ಇಲಿಂಕಾ ಒಂದನ್ನು ತಂದಳು. ಊರಿನ ಸಮುದಾಯ ಭವನ ನೋಡಿಕೊಳ್ಳುವ ಝಂಫೀರನ ಮನೆಯಲ್ಲಿ ಮಾತ್ರ ಅದನ್ನು ಹಾಕುವ ಯಂತ್ರವಿತ್ತು. ತಾಯಿ ಮಗಳು ಅಲ್ಲಿ ಕೂತು ನೋಡಿದರು. ಬಾವಲಿಯನ್ನು ಹಾರಿಸುವ ದಾರ ಕಾಣುತ್ತಿತ್ತು. ನಡುರಾತ್ರಿ ಅನ್ನುತ್ತಿದ್ದರು, ಹುಲ್ಲಿನ ಮೇಲೆ ಮರಗಳ ನೆರಳು ಬಿದ್ದಿತ್ತು. ಪಿಶಾಚಿ ದೊರೆಯ ಮಣಿಕಟ್ಟಿನಲ್ಲಿ ಗಡಿಯಾರ. ಪಿಶಾಚಿ ಕಚ್ಚಿದ ಮದುವಣಗಿತ್ತಿಯಾಗಿ ಇಲಿಂಕಾ ಪೆಟ್ಟಿಗೆಯಲ್ಲಿ ಸತ್ತು ಮಲಗಿದ್ದಳು, ಕುತ್ತಿಗೆಯ ಮೇಲೆ ಕೆಂಪು ಗಾಯ. ಸುತ್ತ ನಿಂತವರು ಅಳುತ್ತಿದ್ದರೆ, ಸತ್ತವಳ ಎದೆ ಮಾತ್ರ ಆರಾಮಾಗಿ ಏಳುತ್ತಿತ್ತು, ಇಳಿಯುತ್ತಿತ್ತು.

"ಅಮ್ಮಾ ನೋಡೇ, ಹೆಣ ಉಸಿರಾಡ್ತಾ ಇದೆ!" ಇಲಿಂಕಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಆ ರಕ್ತ ಬೀಟ್ರೂಟ್ ಪಾಕ ಕಣಮ್ಮ. ಕಣಜದ ಹುಳ ಬಂದು ಕುತ್ತಿಗೆ ಮೇಲೇ ಕೂತ್ಬಿಡ್ತು. ಕಚ್ಚಿದ್ರೆ ಏನಪ್ಪಾ ಗತಿ ಅಂತ ಉಸಿರು ಹಿಡಿಯಕ್ಕೇ ಆಗ್ಲಿಲ್ಲ. ಇನ್ನೊಂದ್ಸಲ ತೆಗೀರಿ ಅಂದ್ರೆ, ಫಿಲಂ ಮುಗೀತು, ಸಾಕು ಅಂದ್ರು!"

ಆ ಚಳಿಗಾಲ ಮುಗಿಯುವ ಮೊದಲೇ ಇಲಿಂಕಾ ಪುಪ್ಪುಸದ ಜ್ವರದಿಂದ ತೀರಿಕೊಂಡಳು. ಪಟ್ಟಣದ ಆಸ್ಪತ್ರೆಯಿಂದ ಗಾಡಿಯಲ್ಲಿ ಮನೆಗೆ ಬಂದಳು. ಮದುವೆಯಾಗದೆ ಸತ್ತ ಹುಡುಗಿಯನ್ನು ನಮ್ಮಲ್ಲಿ ಮದುವಣಗಿತ್ತಿಯ ಉಡುಪಿನಲ್ಲೇ ಹೂಳುವುದು. ಬಿಳಿ ಬಟ್ಟೆ ತೊಟ್ಟು ಪೆಟ್ಟಿಗೆಯಲ್ಲಿ ಮಲಗಿದ ಅವಳನ್ನು ನೋಡಿ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಪೆಟ್ಟಿಗೆಯಲ್ಲಿ ಮಲಗಿದ್ದು ಇದು ಎರಡನೆಯ ಸಲ. ಸಾಫ್ತಾ ಬಹಳ ಹೊತ್ತು ಮಗಳ ಎದೆಯನ್ನೇ ನೋಡುತ್ತ ನಿಂತಿದ್ದಳು. ಗೋಧಿ ಆ ಸಲ ತಳ ಹತ್ತಿತು.

ದ್ರಾಕ್ಷಿ ಕೀಳುವ ಕಾಲಕ್ಕೆ ನಿಸ್ತೋರನ ಸೊಸೆ ಸಾಂದಾ ಹಾಸಿಗೆ ಹಿಡಿದಳು. ಊರಿನದೇ ಹುಡುಗಿ, ಇಲಿಂಕಾಳ ಓರಗೆಯವಳು, ಇಬ್ಬರೂ ಒಂದೇ ಬಟ್ಟಲಲ್ಲಿ ಉಂಡು ಬೆಳೆದವರು. ಊಟ ಸೇರದು, ಬಣ್ಣ ಬಿಳಿಚಿತು. ಡಾಕ್ಟರು ಒಂದಲ್ಲ ಒಂದು ಗುಳಿಗೆ ಬರೆದುಕೊಟ್ಟರು. ಸಾಂದಾ ಒಂದು ಬೆಳಿಗ್ಗೆ, ಇಲಿಂಕಾ ಕನಸಿನಲ್ಲಿ ಬಂದು ಕಾಲ ಬಳಿ ಕೂತು ನೀರು ಕೇಳಿದಳು ಅಂದುಬಿಟ್ಟಳು. ನಿಸ್ತೋರ್ ಅದೇ ದಿನ ಸಾಫ್ತಾಳ ಮನೆಗೆ ಬಂದ. ಕೂರು ಅಂದರೆ ಕೂರಲಿಲ್ಲ.

"ಅತ್ತಿಗೆ, ಅಂದ್ರೆಯನ ಹಬ್ಬದೊಳಗೆ ತೆಗೀಬೇಕು."

ಏನು ತೆಗೆಯಬೇಕು ಅಂತ ಸಾಫ್ತಾ ಕೇಳಲಿಲ್ಲ. ಗೋರಿ ಅಗೆದು, ಎದೆ ಸೀಳಿ, ಗುಂಡಿಗೆಯನ್ನು ಸುಟ್ಟು, ಆ ಬೂದಿಯನ್ನು ನೀರಿನಲ್ಲಿ ಕದಡಿ ಕಾಯಿಲೆಯವರಿಗೆ ಕುಡಿಸುವುದು. ಹಿಂದೆ ಹಾಗೆ ಮಾಡಿದ ಮನೆಗಳು ಎಲ್ಲರಿಗೂ ಗೊತ್ತು. ಪಾದ್ರಿಗೂ ಗೊತ್ತು, ಅಂಥ ದಿನ ಅವರು ಬೇರೆ ಊರಿಗೆ ಹೋಗಿರುತ್ತಾರೆ.

"ನಿನ್ನ ಕೈಯಾರೆ ಆಡಿಸಿದ ಮಗು ಕಣೋ ಅದು," ಅಂದಳು ಸಾಫ್ತಾ.

"ಅದಕ್ಕೇ ನಿನ್ನ ಕೇಳ್ತಿದೀನಿ. ಬೇರೆಯೋರಾಗಿದ್ರೆ ಹೇಳ್ದೆ ಮಾಡ್ತಿದ್ದೆ. ನಂಗೇನು ಖುಷಿನಾ? ಆ ಸಿನಿಮಾದೋರು ಇದನ್ನ ಅಂಟಿಸಿ ಹೋದ್ರು. ಪೆಟ್ಟಿಗೇಲಿ ಮಲಗಿದ್ಲು, ಬಾಯಿಗೆ ರಕ್ತ ಹತ್ತಿಸ್ಕೊಂಡ್ಲು. ನಾನು ಆವತ್ತೇ ಹೇಳಿದ್ದೆ."

"ರಕ್ತ ಅಲ್ಲ, ಬೀಟ್ರೂಟು! ಬಾಯಿಗಲ್ಲ, ಕುತ್ತಿಗೆಗೆ! ನೀನು ಆ ಸಿನಿಮಾ ನೋಡಿದೀಯಾ?"

"ಅದನ್ನ್ಯಾಕೆ ನೋಡಲಿ?"

"ನೋಡು. ಊರೆಲ್ಲ ನೋಡ್ಲಿ. ಅದು ಬರೀ ಬೊಗಳೆ ಅಂತ ನಿನ್ನ ಕಣ್ಣಾರೆ ನೋಡು. ಆಮೇಲೂ ಅಗೀಬೇಕು ಅನ್ನಿಸಿದ್ರೆ ಗುದ್ದಲಿ ಎತ್ಕೋ, ನಾನು ಅಡ್ಡ ಬರಲ್ಲ."

ಹೇಳಿದ ಮೇಲೆ, ಅಷ್ಟು ದೊಡ್ಡ ಮಾತು ಕೊಡಬಾರದಿತ್ತು ಅಂತ ಅವಳಿಗೇ ಅನ್ನಿಸಿತು. ಆದರೆ ಹೇಳಿಯಾಗಿತ್ತು.

ಭಾನುವಾರ ಚರ್ಚು ಬಿಟ್ಟ ಮೇಲೆ ಝಂಫೀರ್ ಸಮುದಾಯ ಭವನದಲ್ಲಿ ಮೇಜಿನ ಮೇಲೆ ಮೇಜಿಟ್ಟು ಟೀವಿಯನ್ನು ಏರಿಸಿದ. ಊರಿಗೂರೇ ಬಂದಿತ್ತು. ಸಾಂದಾಳನ್ನು ಕಂಬಳಿಯಲ್ಲಿ ಸುತ್ತಿ ಮುಂದಿನ ಬೆಂಚಿನಲ್ಲಿ ಕೂರಿಸಿದರು. ನಿಸ್ತೋರ್ ಗೋಡೆಗೆ ಬೆನ್ನು ಕೊಟ್ಟು ನಿಂತ. ಮುದುಕಿಯರು ಮೊದಲೇ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಕೂತರು.

ಸಿನಿಮಾ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು, ಅಂದರೆ ಕೆಟ್ಟದಾಗಿ ಮಾಡಿತು. ಬಾವಲಿ ದಾರಕ್ಕೆ ಸಿಕ್ಕಿ ಗಿರಕಿ ಹೊಡೆದಾಗ ಹಿಂದಿನ ಸಾಲಿನವರು ಕಿಸಕ್ಕೆಂದರು. ನಡುರಾತ್ರಿಯ ಬಿಸಿಲು ಕಂಡು ಯಾರೋ, "ಟೋಪಿ ಹಾಕ್ಕೊಳೋ ದೊರೆ, ತಲೆ ಸುಟ್ಟೀತು!" ಅಂದರು. ರಟ್ಟಿನ ಗೋಪುರ ಗಾಳಿಗೆ ಅಲ್ಲಾಡಿತು. ಪಂಜು ಹಿಡಿದು ಓಡುವ ಗುಂಪಿನಲ್ಲಿ ತಮ್ಮ ತಮ್ಮ ಮುಖ ಹುಡುಕಿ ಜನ ಬೊಬ್ಬೆ ಹಾಕಿದರು. ನಿಸ್ತೋರನ ಮೀಸೆ ಕೂಡ ಒಂದೆರಡು ಸಲ ಅದುರಿತು. ಸಾಫ್ತಾಳ ಜೀವ ಸ್ವಲ್ಪ ಹಗುರವಾಯಿತು.

ಆಮೇಲೆ ಇಲಿಂಕಾ ಬಂದಳು. ಅದೇ ಮುಖ, ಅದೇ ನಡಿಗೆ. ನಗು ಪಟ್ಟನೆ ನಿಂತಿತು. ಹೂತು ಎಂಟು ತಿಂಗಳಾದ ಹುಡುಗಿ ಬಿಳಿ ಗೌನಿನಲ್ಲಿ ಅವರ ಕಡೆಗೇ ನಡೆದು ಬರುತ್ತಿದ್ದಳು. ದೊರೆ ಕಚ್ಚಿದ, ಅವಳು ಬಿದ್ದಳು, ಪೆಟ್ಟಿಗೆಯಲ್ಲಿ ಮಲಗಿಸಿದರು.

"ಅಯ್ಯೋ ದೇವರೇ," ಅಂತ ಒಬ್ಬಳು ಮುದುಕಿ ಹೇಳಿದಳು. "ಸತ್ತಿದಾಳೆ, ಉಸಿರಾಡ್ತಿದಾಳಲ್ಲೋ!"

ನಿಸ್ತೋರ್ ಗೋಡೆಯಿಂದ ಬೆನ್ನು ತೆಗೆದ. ಆ ಮುಖ ನೋಡಿದ ಕೂಡಲೇ ಸಾಫ್ತಾಳಿಗೆ ಎಲ್ಲ ತಿಳಿದುಹೋಯಿತು. ಬೀಟ್ರೂಟು, ದಾರ, ಗಡಿಯಾರ ಎಲ್ಲ ಅವನ ತಲೆಯಿಂದ ಹಾರಿಹೋಗಿದ್ದವು. ಅವನು ಕಂಡದ್ದು ಪೆಟ್ಟಿಗೆಯೊಳಗೆ ಉಸಿರಾಡುವ ಹೆಣವನ್ನು ಮಾತ್ರ. ಮಗಳನ್ನು ಉಳಿಸಲು ತಂದ ಕ್ಯಾಸೆಟ್ಟೇ ಅವಳ ಎದೆ ಸೀಳಿಸಲು ಹೊರಟಿತ್ತು.

ಆಗ ಸಾಫ್ತಾ ನಕ್ಕಳು.

ಝಂಫೀರನ ಮನೆಯಲ್ಲಿ ಇಲಿಂಕಾ ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ನೆನೆದು ಹಾಗೆಯೇ ನಕ್ಕಳು, ಇನ್ನೂ ಜೋರಾಗಿ ನಕ್ಕಳು. "ನೋಡ್ರೇ ನನ್ನ ಮಗಳ ಬಂಡವಾಳ!" ಅಂತ ಕೂಗಿದಳು. "ಎರಡು ನಿಮಿಷ ಉಸಿರು ಬಿಗಿ ಹಿಡಿಯಕ್ಕೆ ಬರ್ಲಿಲ್ಲ ಮೂದೇವಿಗೆ! ಹೆಣದ ಪಾತ್ರಾನೂ ನೆಟ್ಟಗೆ ಮಾಡ್ಲಿಲ್ಲವಲ್ಲೇ!"

ಯಾರೂ ನಗಲಿಲ್ಲ. ಒಬ್ಬ ತಾಯಿ ಸತ್ತ ಮಗಳನ್ನು ನೋಡಿ ಹೀಗೆ ನಗುವುದನ್ನು ಊರು ಕಂಡಿರಲಿಲ್ಲ. ಅಷ್ಟರಲ್ಲಿ ಮುಂದಿನ ಬೆಂಚಿನಿಂದ ಕ್ಷೀಣವಾದ ದನಿಯೊಂದು ಕೇಳಿತು.

"ಕಣಜ," ಅಂದಳು ಸಾಂದಾ. ಕಂಬಳಿ ಕುಲುಕುತ್ತಿತ್ತು. "ಕಣಜದ ಹುಳ ಕೂತಿತ್ತಂತೆ ದೊಡ್ಡತ್ತೆ, ಕುತ್ತಿಗೆ ಮೇಲೆ. ಅಗೋ, ಕಾಣ್ತಾ ಇದೆ ನೋಡಿ!" ಅವಳೂ ನಕ್ಕಳು, ಕೆಮ್ಮು ಬರುವವರೆಗೆ ನಕ್ಕಳು.

ಅಲ್ಲಿಂದ ಭವನವೇ ಬಿದ್ದು ಬಿದ್ದು ನಕ್ಕಿತು. "ಝಂಫೀರಾ, ಹಿಂದಕ್ಕೆ ತಿರುಗಿಸೋ, ಇನ್ನೊಂದ್ಸಲ ಹಾಕು!" ಅಂದರು. ಅವನು ಹಾಕಿದ. ಮತ್ತೊಂದು ಸಲ ಅಂದರು, ಮತ್ತೆ ಹಾಕಿದ. ಪ್ರತಿ ಸಲವೂ ಇಲಿಂಕಾ ಸತ್ತಳು, ಪ್ರತಿ ಸಲವೂ ಸಾಫ್ತಾ ಎಲ್ಲರಿಗಿಂತ ಮೊದಲು ನಗಬೇಕಾಯಿತು. ನಿಸ್ತೋರ್ ಕೊನೆಗೆ ತಲೆ ಅಲ್ಲಾಡಿಸುತ್ತ ಹೊರಗೆ ಹೋದ. ಅವನು ಗುದ್ದಲಿ ಎತ್ತಲಿಲ್ಲ. ನಗುವಿಗೆ ಸಿಕ್ಕಿದ ಪಿಶಾಚಿಯ ಗೋರಿ ಅಗೆಯುವುದು ಯಾವ ಗಂಡಸಿಗೂ ಆಗದ ಕೆಲಸ.

ಸಾಫ್ತಾ ಮನೆಗೆ ಬಂದು ಕ್ಯಾಸೆಟ್ಟನ್ನು ಮೇರಿಮಾತೆಯ ಪಟದ ಹಿಂದೆ ಇಟ್ಟಳು.

ಈಸ್ಟರಿಗೆ ಮೊದಲಿನ ಉಪವಾಸದಲ್ಲಿ ಸಾಂದಾ ಸತ್ತಳು. ರಕ್ತದ ಕಾಯಿಲೆ ಅಂತ ಡಾಕ್ಟರು ಹೇಳಿದರು, ಆ ಹೊತ್ತಿಗೆ ಯಾರಿಗೂ ಅದು ಬೇಕಿರಲಿಲ್ಲ. ಸಾಫ್ತಾ ಗೋಧಿ ಬೇಯಿಸಿಕೊಂಡು ಹೋದಾಗ ನಿಸ್ತೋರ್ ಬಾಗಿಲಲ್ಲೇ ತಡೆದ.

"ಆವತ್ತು ನೀನು ನಗಬಾರದಿತ್ತು ಅತ್ತಿಗೆ," ಅಂದ. ಅಷ್ಟೇ ಅಂದ. ಆಮೇಲೆ ಅವರಿಬ್ಬರ ನಡುವೆ ಮಾತಿರಲಿಲ್ಲ.

ಆ ಮಾತು ಸಾಫ್ತಾಳನ್ನು ಒಳಗೊಳಗೇ ತಿಂದಿತು. ಗೋರಿ ಅಗೆದಿದ್ದರೆ ಸಾಂದಾ ಉಳಿಯುತ್ತಿದ್ದಳೇ? ಇಲ್ಲ ಅಂತ ಹಗಲೆಲ್ಲ ಅನ್ನಿಸುತ್ತಿತ್ತು. ಬೀದಿಯ ಮಕ್ಕಳು ಬೆನ್ನ ಮೇಲೆ ಮಲಗಿ ಹೊಟ್ಟೆ ಉಬ್ಬಿಸಿ ಇಳಿಸಿ "ಇಲಿಂಕಾ ಆಟ" ಆಡುತ್ತಿದ್ದವು. ಅವನ್ನು ಬೈಯುವ ಹಾಗೂ ಇರಲಿಲ್ಲ; ಕಲಿಸಿದವಳು ಅವಳೇ. ಕ್ಯಾಸೆಟ್ಟನ್ನು ಮತ್ತೆ ನೋಡಲಿಲ್ಲ. ನೋಡಿದರೆ ಮಗಳ ಉಸಿರಿನ ಜೊತೆ ಊರಿನ ನಗುವೂ ಕೇಳುತ್ತದೆ ಅನ್ನುವುದು ಅವಳಿಗೆ ಗೊತ್ತಿತ್ತು.

ಏಳು ವರ್ಷ ತುಂಬಿದಾಗ ಸತ್ತವರನ್ನು ಹೊರತೆಗೆದು, ಮೂಳೆಗಳನ್ನು ವೈನಿನಲ್ಲಿ ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿ ಮತ್ತೆ ಹೂಳುವುದು ನಮ್ಮ ಪದ್ಧತಿ. ಈ ಅಗೆತಕ್ಕೆ ಪಾದ್ರಿಯೂ ಬರುತ್ತಾರೆ. ಆ ಹೊತ್ತಿಗೆ ಮೂಳೆ ಮಾತ್ರ ಉಳಿದಿದ್ದರೆ ಆತ್ಮ ನೆಮ್ಮದಿಯಾಗಿದೆ ಅಂತ. ಮೈ ಹಾಗೇ ಇದ್ದರೆ ಊರಿನ ಅನುಮಾನ ನಿಜ ಅಂತ. ಅಗೆಯಬೇಕಾದವನು ಮನೆತನದ ಹಿರಿಯ ಗಂಡಸು, ಸಾಫ್ತಾಳಿಗೆ ಉಳಿದಿದ್ದವನು ಒಬ್ಬನೇ. ಕರೆಯದೆಯೇ ನಿಸ್ತೋರ್ ಗುದ್ದಲಿ ಹಿಡಿದು ಬಂದ. ಮುದುಕನಾಗಿದ್ದ. ತಾನೊಬ್ಬನೇ ಅಗೆದ. ಮುಚ್ಚಳ ಕೊಳೆತು ಕುಸಿದಿತ್ತು, ಅವನು ಮಂಡಿಯೂರಿ ಕೈಯಿಂದಲೇ ಮಣ್ಣು ಸರಿಸಿದ.

"ಬರೀ ಮೂಳೆ ಅತ್ತಿಗೆ," ಅಂದ ಕೊನೆಗೆ. ಟೋಪಿ ತೆಗೆದ. "ಶುದ್ಧವಾಗಿದೆ. ನಮ್ಮ ಹುಡುಗಿ ಯಾರನ್ನೂ ಮುಟ್ಟಿರಲಿಲ್ಲ." ಅಷ್ಟು ಹೇಳಿ ಗುಂಡಿಯೊಳಗೇ ಕೂತು ಮಗುವಿನ ಹಾಗೆ ಅತ್ತ. ಪಾದ್ರಿ ದೇವರಿಗೆ ಸ್ತೋತ್ರ ಅಂದರು, ಹೆಂಗಸರು ಸಮಾಧಾನದ ಉಸಿರು ಬಿಟ್ಟರು.

ಸಾಫ್ತಾಳಿಗೆ ಸಮಾಧಾನವಾಗಲಿಲ್ಲ. ನನ್ನ ಮಗಳು ಅಂಥವಳಲ್ಲ ಅಂತ ಇಷ್ಟು ವರ್ಷ ಊರಿಗೆ ಹೇಳುತ್ತ ಬಂದವಳು ಅವಳೇ. ಆದರೆ ಈ ಏಳು ವರ್ಷದಲ್ಲಿ ಅಂದ್ರೆಯನ ಹಬ್ಬದ ಹಿಂದಿನ ಸಂಜೆ ಒಂದು ಸಲವೂ ಅವಳು ತನ್ನ ಬಾಗಿಲಿಗೆ ಬೆಳ್ಳುಳ್ಳಿ ಉಜ್ಜಿರಲಿಲ್ಲ. ಮಗಳು ಬಂದರೆ ಬರಲಿ ಅಂತ ಚಿಲಕವನ್ನೂ ಹಾಕಿರಲಿಲ್ಲ. ಯಾರೂ ಬಂದಿರಲಿಲ್ಲ.

ಅವಳು ಗುಂಡಿಯ ಅಂಚಿನಲ್ಲಿ ಕೂತು ಪಕ್ಕೆಲುಬುಗಳನ್ನು ಸ್ವಲ್ಪ ಹೊತ್ತು ನೋಡಿದಳು. ಎಲ್ಲರೂ ಕಾಯುತ್ತಿದ್ದರು, ಅವಳೂ ಕಾದಳು. ಅವು ಏಳಲಿಲ್ಲ, ಇಳಿಯಲಿಲ್ಲ. ಆಮೇಲೆ ಕೈ ಚಾಚಿ ವೈನಿನ ಬಾಟಲಿ ಕೊಡು ಅಂದಳು.