ಐಡೆಲ್ ತೊಳೆದ ನಾಣ್ಯ

ಡಹ್ಲೋನೆಗಾ ಊರಿನ ಸುತ್ತಲಿನ ಗುಡ್ಡಗಳಲ್ಲಿ ಆರ್ವಿಲ್ ಸೀಬೋಲ್ಟನ ಗ್ಯಾಸ್ ಲಾರಿ ಹೋಗದ ಮನೆಯೇ ಇರಲಿಲ್ಲ. ಮನೆಯ ಗ್ಯಾಸ್ ಟ್ಯಾಂಕು ತುಂಬಿಸಿ ಕೈ ಒರೆಸಿಕೊಳ್ಳುತ್ತ, "ಅಜ್ಜಿ, ಹಳೇ ನಾಣ್ಯ ಗೀಣ್ಯ ಏನಾದ್ರೂ ಇದ್ಯಾ?" ಎಂದು ಕೇಳದೆ ಅವನು ಅಂಗಳ ದಾಟುತ್ತಿರಲಿಲ್ಲ. ಮುದುಕಿಯರು ಅಂಗಿ ಗುಂಡಿ, ಚಿಲ್ಲರೆ ಹಾಕಿಡುವ ಡಬ್ಬಿಗಳನ್ನೇ ತಂದು ಅವನ ಮುಂದೆ ಸುರಿಯುತ್ತಿದ್ದರು.

ಅವನಿಗೆ ಬೇಕಾಗಿದ್ದುದು ಇದೇ ಊರಿನ ಟಂಕಸಾಲೆಯಲ್ಲಿ ಅಚ್ಚಾದ, ಕಿರುಬೆರಳಿನ ಉಗುರಿನಷ್ಟಗಲದ ಚಿನ್ನದ ಡಾಲರುಗಳು. ಒಂದೊಂದು ವರ್ಷದ್ದನ್ನೂ ಒಂದೊಂದಾಗಿ, ಹೊಟ್ಟೆಬಟ್ಟೆ ಕಟ್ಟಿ ಕೂಡಿಸಿದ್ದ. 1861ರದ್ದು ಮಾತ್ರ ಸಿಕ್ಕಿರಲಿಲ್ಲ. ಆ ವರ್ಷ ಉತ್ತರ ದಕ್ಷಿಣಗಳ ನಡುವೆ ಅಂತರ್ಯುದ್ಧ ಶುರುವಾಗಿ, ದಕ್ಷಿಣದವರು ಟಂಕಸಾಲೆಯನ್ನು ವಶಮಾಡಿಕೊಂಡು, ಅಲ್ಲಿದ್ದ ಚಿನ್ನಕ್ಕೆ ಅಚ್ಚು ಹೊಡೆದು ಬಾಗಿಲು ಹಾಕಿದ್ದರು. ಎಷ್ಟು ಹೊಡೆದರೆಂಬುದು ಯಾರಿಗೂ ತಿಳಿಯದು.

ಹೆಂಡತಿ ಐಡೆಲ್ ಊರಿನ ಮೋಟೆಲೊಂದರಲ್ಲಿ ಕೋಣೆ ಗುಡಿಸಿ ಒರೆಸುವ ಕೆಲಸದಲ್ಲಿದ್ದವಳು. ಮನೆಗೆ ಬಂದರೂ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಬಾಣಲೆ, ಬಾಗಿಲ ಹಿಡಿ, ಗಂಡನ ಬೂಟು, ಎಲ್ಲವೂ ಫಳಫಳ ಎನ್ನಬೇಕು. ಮಕ್ಕಳಿರಲಿಲ್ಲ. "ನಿನ್ಗೆ ನಾಣ್ಯ, ನನ್ಗೆ ಬ್ರಷ್ಷು. ನಮ್ಮಿಬ್ರ ಸಂಸಾರ ಇಷ್ಟೇ," ಎಂದು ನಗುತ್ತಿದ್ದಳು.

ಅವಳಿಗೆ ಮರೆವು ಶುರುವಾದದ್ದು ಅವನು ಕೆಲಸದಿಂದ ನಿವೃತ್ತನಾದ ಮೇಲೆ. ಮೊದಲು ಹುರುಳಿಕಾಯಿಗೆ ಎರಡು ಸಲ ಉಪ್ಪು ಬಿತ್ತು. ಆಮೇಲೆ ತಂಗಿಯ ಹೆಸರು ಹೋಯಿತು. ಆದರೂ ತೊಳೆಯುವುದನ್ನು ಮರೆಯಲಿಲ್ಲ. ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು. ಆರ್ವಿಲ್ ಸುಮ್ಮನೆ ಪಕ್ಕದಲ್ಲಿ ನಿಂತು ಒರೆಸಿಡುತ್ತಿದ್ದ.

ಆಗಲೇ ಹಾಯ್ಟ್ ಗ್ರಿಜಲ್ ಫೋನ್ ಮಾಡಿದ. ಚೌಕದ ಹತ್ತಿರ ನಾಣ್ಯದಂಗಡಿ ಇಟ್ಟುಕೊಂಡಿದ್ದ ಹಳೆಯ ಗೆಳೆಯ. "ಕೂತಿದ್ದೀಯೋ, ನಿಂತಿದ್ದೀಯೋ? ಕೂತ್ಕೋ. ನಿನ್ನ ಅರವತ್ತೊಂದು ಸಿಕ್ಕಿದೆ."

ಅಪ್ಪ ಬಿಟ್ಟುಹೋಗಿದ್ದ ಹೊಳೆಪಕ್ಕದ ಜಮೀನನ್ನು ಮಾರಿ ಆರ್ವಿಲ್ ಅದನ್ನು ಕೊಂಡ. ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲೆ, ಮೆತ್ತನೆಯ ಬಟ್ಟೆ ಹಾಸಿ ಇಟ್ಟ. ಭೂತಗನ್ನಡಿ ಹಿಡಿದು ನೋಡಿದ. ಗರಿಯ ಕಿರೀಟದ ಹೆಣ್ಣಿನ ತಲೆ. ಸುತ್ತಲಿನ ಬರಹದ ಮೊದಲ ಅಕ್ಷರ ಸರಿಯಾಗಿ ಮೂಡಿಲ್ಲ. ಅಸಲಿಯಾದರೆ ಅದು ಹಾಗೇ ಇರಬೇಕು. ಹಿಂದೆ ಎಲೆಯ ಮಾಲೆಯ ಕೆಳಗೆ ಊರಿನ ಗುರುತಾದ ಪುಟ್ಟ 'ಡಿ'. ಮೈತುಂಬ ನೂರಕ್ಕೂ ಹೆಚ್ಚು ವರ್ಷದ ಕೆಂಪು ಛಾಯೆ. ಆ ಛಾಯೆಯೇ ನಾಣ್ಯದ ಮರ್ಯಾದೆ, ಉಜ್ಜಿದರೆ ಬೆಲೆ ಹೋಯಿತು ಎಂಬುದು ಸಂಗ್ರಹಕಾರರಿಗೆಲ್ಲ ಗೊತ್ತು. ಮರುದಿನ ನಾಣ್ಯಗಳಿಗೆ ದರ್ಜೆ ಕೊಡುವ ಪರೀಕ್ಷಕರಿಗೆ ಕಳಿಸುವುದೆಂದು ನಿಶ್ಚಯಿಸಿ, ಲಾರಿ ಕಾಲದ ಗೆಳೆಯನೊಬ್ಬ ಹೊರಗಿನಿಂದ ಕರೆದನೆಂದು ಅಂಗಳಕ್ಕೆ ಹೋದ.

ಮಾತು ಮುಗಿಸಿ ಬಂದಾಗ ಐಡೆಲ್ ಸಿಂಕಿನ ಮುಂದಿದ್ದಳು. ಅಡುಗೆ ಸೋಡಾ ಕಲಸಿದ ಬಟ್ಟಲು, ಹಳೆಯ ಹಲ್ಲುಜ್ಜುವ ಬ್ರಷ್ಷು. ಒದ್ದೆ ಅಂಗೈಯಲ್ಲಿ ನಾಣ್ಯ ಹೊಸ ತಗಡಿನಂತೆ ಹೊಳೆಯುತ್ತಿತ್ತು.

"ಕೊಳೆ ಹಿಡ್ದಿತ್ತು ಆರ್ವಿಲ್," ಎಂದಳು. ಮುಖದಲ್ಲಿ ಸಂತೋಷ. "ಇಷ್ಟು ವರ್ಷ ಹುಡುಕಿ ತಂದಿದ್ದೀಯ. ಕೊಳೇಲೇ ಇಟ್ಕೊಂಡ್ರೆ ಜನ ಏನಂತಾರೆ?"

ಮದುವೆಯಾದಾಗಿನಿಂದ ಆರ್ವಿಲ್ ಅವಳ ಮೇಲೆ ದನಿ ಏರಿಸಿದವನಲ್ಲ. ಅಂದು ಕೂಗಿದ. ಬಟ್ಟಲನ್ನು ಕಿತ್ತು ಗೋಡೆಗೆಸೆದ. "ಮುಟ್ಬೇಡ. ಇನ್ಮೇಲೆ ನನ್ನ ಯಾವ ಸಾಮಾನನ್ನೂ ಮುಟ್ಬೇಡ, ಕೇಳಿಸ್ತಾ?" ಐಡೆಲ್ ಎರಡು ಕೈಯನ್ನೂ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಫ್ರಿಜ್ಜಿಗೆ ಒತ್ತಿಕೊಂಡು ನಿಂತಳು.

ಸಂಜೆಗೆಲ್ಲ ಅವನ ಕೋಪ ಇಳಿಯಿತು. ಕ್ಷಮೆ ಕೇಳಿದ. ಯಾವುದಕ್ಕೆಂದು ಅವಳಿಗೆ ತಿಳಿಯಲಿಲ್ಲ. ನಾಣ್ಯವೂ ನೆನಪಿರಲಿಲ್ಲ, ಕೂಗಾಡಿದ್ದೂ ನೆನಪಿರಲಿಲ್ಲ. ಆದರೆ ಮರುದಿನ ಬೆಳಿಗ್ಗೆ ಕಾಫಿಯ ಲೋಟದ ಮುಂದೆ ನಿಂತು, "ಇದನ್ನ ಮುಟ್ಲಾ?" ಎಂದು ಕೇಳಿದಳು.

ಅಲ್ಲಿಂದ ಮುಂದೆ ಎಲ್ಲಕ್ಕೂ ಅದೇ. ಚಮಚ ಮುಟ್ಲಾ, ನಲ್ಲಿ ಮುಟ್ಲಾ, ನನ್ನ ಕೋಟು ಮುಟ್ಲಾ. ಆರ್ವಿಲ್ ಬೆಳ್ಳಿಯ ಚಮಚಗಳನ್ನು ಬೇಕೆಂದೇ ಕಪ್ಪಾಗಿಸಿ ಅವಳ ಮುಂದಿಟ್ಟ. "ನೋಡು, ಎಷ್ಟು ಗಲೀಜಾಗಿದೆ. ನೀನೇ ಉಜ್ಜಬೇಕು." ಅವಳು ನೋಡಿದಳು, ಕೈಯನ್ನು ತೊಡೆಯ ಕೆಳಗಿಟ್ಟುಕೊಂಡಳು. ಜೀವಮಾನವಿಡೀ ಸುಮ್ಮನಿರದ ಆ ಕೈಗಳು ಆಮೇಲೆ ಯಾವುದನ್ನೂ ತೊಳೆಯಲಿಲ್ಲ.

ಪರೀಕ್ಷಕರಿಂದ ನಾಣ್ಯ ಪಾರದರ್ಶಕ ಡಬ್ಬಿಯಲ್ಲಿ ಮೊಹರಾಗಿ ಬಂತು. ಹಾಯ್ಟ್ ತನ್ನ ಅಂಗಡಿಯಲ್ಲಿ ಅದರ ಮೇಲಿದ್ದುದನ್ನು ಓದಿದ. "ಅಸಲಿ. ಆದ್ರೆ ಉಜ್ಜಿ ತೊಳೆದಿದ್ದಾರೆ ಅಂತ ದರ್ಜೆ ಕೊಟ್ಟಿಲ್ಲ." ಗೆಳೆಯನ ಮುಖ ನೋಡಿ ದನಿ ತಗ್ಗಿಸಿದ. "ಹೋಗ್ಲಿ ಬಿಡೋ. ಅಸಲಿ ಅಂತ ಬಂತಲ್ಲ. ಸೆಟ್ಟು ಪೂರ್ತಿಯಾಯ್ತು."

"ಹೂಂ, ಆಯ್ತು," ಎಂದ ಆರ್ವಿಲ್.

ಮನೆಗೆ ಹೋದವನೇ ಇಕ್ಕಳ ತೆಗೆದುಕೊಂಡು ಡಬ್ಬಿಯನ್ನು ಒಡೆದ. ಮೊಹರು ಹೋದರೆ ಪರೀಕ್ಷಕರ ಮಾತೂ ಹೋದಂತೆ. ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಸೋಡಾ ಕಲಸಿ, ಬ್ರಷ್ಷು ಇಟ್ಟು, ಐಡೆಲ್ ಪಕ್ಕ ಕೂತ.

"ಇದು ನಿಂದು. ತೊಳಿ, ಏನೂ ಆಗಲ್ಲ."

"ಮುಟ್ಲಾ?"

"ಮುಟ್ಟು ಚಿನ್ನ. ಎಷ್ಟು ಬೇಕಾದ್ರೂ ಮುಟ್ಟು."

ಅವಳು ಒಂದು ಬೆರಳನ್ನು ಮುಂದೆ ತಂದು, ಅವನ ಕಣ್ಣು ನೋಡಿ, ಮತ್ತೆ ಹಿಂದಕ್ಕೆಳೆದುಕೊಂಡಳು. "ಬೇಡ. ಇಲ್ಲಿ ಒಬ್ರಿದ್ದಾರೆ, ಅವ್ರಿಗೆ ಸಿಟ್ಟು ಬರುತ್ತೆ."

ಮಾರ್ಚಿನಲ್ಲಿ ಐಡೆಲ್‌ಳ ಎದೆಯಲ್ಲಿ ಕಫ ಕಟ್ಟಿತು. ಆಸ್ಪತ್ರೆಯ ಹಾಸಿಗೆಯಲ್ಲಿ, ಹೊದಿಕೆಯನ್ನು ಸರಿಮಾಡಿಕೊಳ್ಳಲೂ ದಾದಿಯ ಅಪ್ಪಣೆ ಕೇಳುತ್ತ ತೀರಿಕೊಂಡಳು.

ಮಣ್ಣು ಮಾಡಿ ಬಂದವರಿಗೆ ಚರ್ಚಿನ ಹೆಂಗಸರು ಕೋಳಿ, ಜೋಳದ ರೊಟ್ಟಿ ಬಡಿಸುತ್ತಿದ್ದರು. ಆರ್ವಿಲ್ ತಟ್ಟೆ ಮುಟ್ಟದೆ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದ. ಹಾಯ್ಟ್ ಬಂದು ಪಕ್ಕದಲ್ಲಿ ಕೂತ.

"ನನ್ನ ಹೆಸ್ರು ಮರೆತ್ಳು. ಮದ್ವೆ ಆಗಿದ್ದೂ ಮರೆತ್ಳು," ಎಂದ ಆರ್ವಿಲ್. "ಆ ಭಯ ಒಂದನ್ನ ಮರೀಲಿಲ್ಲ ಕಣೋ. ಅದೆಲ್ಲಿ ಉಳ್ಕೊಂಡಿತ್ತು ಅವಳಲ್ಲಿ?"

ಹಾಯ್ಟ್ ಗೆಳೆಯನ ಬೆನ್ನ ಮೇಲೆ ಕೈಯಿಟ್ಟ. ಒಳಗೆ ಹೆಂಗಸರು ಪಾತ್ರೆ ತೊಳೆಯಲು ಶುರುಮಾಡಿದ ಮೇಲೆ ಆರ್ವಿಲ್ ಎದ್ದು, ಅಲ್ಲಿಂದ ದೂರ, ರಸ್ತೆಯ ಕಡೆಗೆ ನಡೆದ.