ಪ್ರೇಮಕ್ಕನ ಮದುವೆಯ ಪ್ರಕಟಣೆ

ಪಾಸ್ಟರರ ಬಿಳಿ ನಿಲುವಂಗಿ ಕಂಡೊಡನೆ ತಾನಾಗಿಯೇ ಬಾಗುವ ಕುತ್ತಿಗೆ ನನ್ನದು. ಹೈಸ್ಕೂಲಿನ ಮಕ್ಕಳಿಗೆ ನಿರ್ಭೀತಿಯ ಪಾಠ ಹೇಳುತ್ತಿದ್ದವನಿಗೆ ಇದು ಶೋಭಿಸುವ ಗುಣವಲ್ಲವೆಂದು ನೀವು ನಕ್ಕರೆ ನಾನೂ ಜೊತೆಗೂಡುತ್ತೇನೆ. ನಾನು ಸಭ್ಯತೆ ಎನ್ನುತ್ತಿದ್ದುದನ್ನು ನನ್ನ ಹೆಂಡತಿ ಪುಕ್ಕಲುತನ ಎನ್ನುತ್ತಿದ್ದಳು.

ಎಪ್ಪತ್ತರ ದಶಕದ ಕೊನೆಯ ಮಾತು. ಬೆಟಗೇರಿಯ ನಮ್ಮ ಚರ್ಚಿನ ಪಾಸ್ಟರನ್ನು ನಾವೆಲ್ಲ ಅಯ್ಯನವರು ಎನ್ನುತ್ತಿದ್ದೆವು. ಒಳ್ಳೆಯವರೇ. ಕಳಸಾಪುರದಲ್ಲಿ ಯಾರಿಗಾದರೂ ಜ್ವರ ಬಂದರೆ ಮಳೆಗಾಲದ ಎರೆಮಣ್ಣಿನಲ್ಲಿ ಸೈಕಲ್ಲನ್ನೇ ಹೆಗಲಿಗೇರಿಸಿಕೊಂಡು ಹೋಗುವಷ್ಟು ಒಳ್ಳೆಯವರು. ಆದರೆ ಸಭೆಯೆಂಬ ಮಂದೆಯನ್ನು ಕಾಯುತ್ತ ಕಾಯುತ್ತ, ಯಾರ ಮನೆಗೆ ಯಾರು ಅಳಿಯನಾಗಬೇಕೆಂಬುದನ್ನೂ ತಾವೇ ನಿರ್ಣಯಿಸುವ ಅಭ್ಯಾಸ ಅವರಿಗೆ ಬೆಳೆದುಬಿಟ್ಟಿತ್ತು.

ನನ್ನ ಅಕ್ಕ ಪ್ರೇಮಾ ನರ್ಸು. ಗಂಡ ತೀರಿ ಆರು ವರ್ಷವಾಗಿತ್ತು. ಮುಂಡರಗಿಯ ಟೇಲರ್ ಸಾಮುವೇಲಪ್ಪನನ್ನು ಮದುವೆಯಾಗಲು ಅವಳು ಮನಸ್ಸು ಮಾಡಿದಳು. ಚರ್ಚಿನಲ್ಲಿ ಮೂರು ಭಾನುವಾರ ಗಂಡುಹೆಣ್ಣಿನ ಹೆಸರು ಹೇಳಿ ಪ್ರಕಟಣೆ ಓದದೆ ನಮ್ಮಲ್ಲಿ ಮದುವೆಯಿಲ್ಲ. ಅಯ್ಯನವರು ಓದಲು ಒಪ್ಪಲಿಲ್ಲ.

"ಸಭಾಪಾಲಕರ ಮಾತು ಕೇಳಬೇಕಂತ ಸತ್ಯವೇದದಾಗ ಐತಿ. ನಾ ಪ್ರೇಮಾಗ ಶಿರಹಟ್ಟಿ ಮಾಸ್ತರ್ನ ನೋಡೇನಿ, ಅವನ್ನ ಆಗ್ಲಿ," ಎಂದರು ಹಿರಿಯರ ಸಭೆಯಲ್ಲಿ. ಐವರು ಹಿರಿಯರಲ್ಲಿ ನಾನೂ ಒಬ್ಬ. ನೆಲದ ಕಲ್ಲುಗಳನ್ನು ಎಣಿಸುವ ಮಹತ್ಕಾರ್ಯದಲ್ಲಿ ಮಗ್ನನಾಗಿದ್ದೆ.

ಡ್ಯೂಟಿಯ ಬಿಳಿ ಸೀರೆಯಲ್ಲೇ ಅಕ್ಕ ಒಳಗೆ ಬಂದಳು. ಕೈಯಲ್ಲಿ ಸತ್ಯವೇದ, ಒಂದು ಪುಟದ ನಡುವೆ ಹೆಬ್ಬೆರಳು.

"ಅಯ್ನೋರ, ವಾಕ್ಯ ಕಲಿಸೋ ಮುಂದ ನಿಮ್ಮ ಮಾತು ಕೇಳಬೇಕು, ಖರೆ. ಕೇಳೇನಿ. ಪೌಲ ಕೊರಿಂಥದವ್ರಿಗೆ ಏನ್ ಬರದಾನ, ಇದನ್ನೂ ಓದ್ರಿ."

ಅವರು ಕನ್ನಡಕ ಏರಿಸಿ ಮೌನವಾಗಿ ಓದಿದರು. ಅಕ್ಕ ನಮ್ಮತ್ತ ತಿರುಗಿದಳು. "ಗಂಡ ತೀರಿದಾಕಿ ತನಗ ಬೇಕಾದವ್ನ ಮದುವಿ ಆಗಬಹುದು, ಅಂವ ಕರ್ತನ್ನ ನಂಬಿದಾಂವ ಇದ್ರ ಆತು ಅಂತೈತಿ. ವಾಕ್ಯ ಬಿಚ್ಚಿದ್ದನ್ನ ಅಯ್ನೋರು ಹೆಂಗ ಕಟ್ತಾರ?"

"ನಿನ್ನ ಚಲೋದಕ್ಕ ಹೇಳಿದ್ನೆವ್ವಾ," ಎಂದರು ಅಯ್ಯನವರು.

"ಗೊತ್ತೈತ್ರಿ. ಮಂದಿ ಮ್ಯಾಲ ದೊರೆತನ ಮಾಡಬ್ಯಾಡ್ರಿ, ಮಾದರಿ ಆಗ್ರಿ ಅಂತ ಪೇತ್ರ ಹೇಳ್ಯಾನ. ನಮ್ಮ ಯಜಮಾನ್ರು ಸಾಯೋ ಮುಂದ ನೀವು ಮೂರು ದಿನ ನಮ್ಮನ್ಯಾಗ ಕುಂತಿದ್ರಿ. ಅವತ್ತಿಂದ ನಿಮ್ಮನ್ನ ಪಾಲಕರು ಅಂತೇನಿ. ದೊರಿ ಅಂತ ಅಲ್ರಿ."

ಅಯ್ಯನವರು ನನ್ನತ್ತ ನೋಡಿದರು. "ಮಾಸ್ತರ, ನೀವೇನಂತೀರಿ?"

"ಅಕ್ಕ ಓದಿದ್ದು ಬರೋಬ್ಬರಿ ಐತ್ರಿ," ಎಂದೆ. ಆ ಸಭೆಯಲ್ಲಿ ಅದುವರೆಗೆ ನಾನು ಮಾಡಿದ ಅತಿ ದೀರ್ಘ ಭಾಷಣ ಅದು. ಉಳಿದ ನಾಲ್ವರೂ ಒಬ್ಬೊಬ್ಬರಾಗಿ ತಲೆಯಾಡಿಸಿದರು.

ಮುಂದಿನ ಭಾನುವಾರ ಅಯ್ಯನವರು ಪ್ರಕಟಣೆಯ ಚೀಟಿ ಹಿಡಿದು, ಓದುವ ಮೊದಲು ಒಂದು ಮಾತು ಹೇಳಿದರು: "ಇದನ್ನ ತಡೀಲಿಕ್ಕೆ ನನಗ ಅಧಿಕಾರ ಇರ್ಲಿಲ್ಲ. ತಡದಿದ್ದೆ. ಸಭೆ ನನ್ನ ಕ್ಷಮಿಸಬೇಕು." ಆಮೇಲೆ ಎರಡೂ ಹೆಸರುಗಳನ್ನು ಸ್ಫುಟವಾಗಿ ಓದಿ, ಆಕ್ಷೇಪಣೆ ಇದ್ದವರು ಹೇಳಬೇಕೆಂದು ಕೇಳಿ, ವಾಡಿಕೆಗಿಂತ ತುಸು ಹೆಚ್ಚೇ ಹೊತ್ತು ಕಾದರು. ಯಾರೂ ಏಳಲಿಲ್ಲ.

ಕೀರ್ತನೆಯ ಮೊದಲ ಸಾಲು ಎತ್ತಿದವಳು ಅಕ್ಕ. ಎರಡನೆಯ ಸಾಲಿಗೆ ಅಯ್ಯನವರ ದನಿ ಕೂಡಿತು. ಮೂರನೆಯದಕ್ಕೆ ಇಡೀ ಚರ್ಚು.