ನಡುಗಡ್ಡೆಯನ್ನು ಸುತ್ತಲಾರದ ಎಂಜಿನ್

ಜೆಟ್‌ಸ್ಕೀ ದಡ ಬಿಟ್ಟು ಐದು ನಿಮಿಷವೂ ಆಗಿರಲಿಲ್ಲ, ಅದರ ಎಚ್ಚರಿಕೆಯ ಸದ್ದು ಕೀರಲು ದನಿಯಲ್ಲಿ ಕೂಗಿಕೊಂಡಿತು. ಮರುಕ್ಷಣ ಎಂಜಿನ್ನಿನ ವೇಗ ಕುಸಿಯಿತು. ನೀರಿನ ಮೇಲೋಡುವ ಆ ಬೈಕಿನ ಮೇಲೆ ಕುಳಿತಿದ್ದವಳು ಅರವತ್ತೆರಡು ವರ್ಷದ ನನ್ನ ತಂಗಿ; ದಡದಲ್ಲಿ ನಿಂತಿದ್ದವನು ಈಜು ಬಾರದ ನಾನು. ಹಿನ್ನೀರಿನ ನಡುಗಡ್ಡೆಗೆ ಅರ್ಧ ದಾರಿಯಲ್ಲಿ ಯಂತ್ರ ಎತ್ತಿನ ಗಾಡಿಯ ವೇಗಕ್ಕೆ ಇಳಿದಿತ್ತು, ಗಾಳಿ ಅದನ್ನು ಮುಳುಗಿದ ಮರಗಳ ಬೊಡ್ಡೆಗಳ ಕಡೆಗೆ ನೂಕುತ್ತಿತ್ತು. ಅವಳು ಹೇಗೋ ತಿರುಗಿಸಿಕೊಂಡು ಬಂದು ದಡ ಸೇರುವ ಹೊತ್ತಿಗೆ ನನ್ನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

ಅಂದು ಮಂಗಳವಾರ. ಗುರುವಾರ ಬೆಳಗ್ಗೆ ಅದನ್ನು ಪರೀಕ್ಷಿಸಲು ಅಧಿಕಾರಿ ಬರುವವರಿದ್ದರು. ಹೇಮಾವತಿಯ ಹಿನ್ನೀರು ಆಲೂರಿನ ಗುಡ್ಡಗಳ ಸಂದಿಗೆ ಚಾಚಿಕೊಂಡಿರುವ ಒಂದು ಮೂಲೆಯಲ್ಲಿ, ತನ್ನ ಕಾಫಿ ತೋಟದ ಅಂಚಿನಲ್ಲಿ, ತಂಗಿ ಹೋಂಸ್ಟೇ ನಡೆಸುತ್ತಾಳೆ. ಅತಿಥಿಗಳಿಗಾಗಿ ನಾಲ್ಕು ದೋಣಿಗಳನ್ನು ನೀರಿಗಿಳಿಸಲು ಅವಳು ಅನುಮತಿ ಕೇಳಿದ್ದಳು. ಯಾರಾದರೂ ನೀರಿಗೆ ಬಿದ್ದರೆ ಧಾವಿಸಬಲ್ಲ ಯಂತ್ರವೊಂದು ಇರಬೇಕು, ಅದು ಅಧಿಕಾರಿಯ ಕಣ್ಣೆದುರು ನಡುಗಡ್ಡೆಯನ್ನು ನಿಲ್ಲದೆ ಸುತ್ತಿ ಬರಬೇಕು ಎಂಬುದು ಷರತ್ತು. ಸುತ್ತದಿದ್ದರೆ ದೋಣಿಗಳು ದಡದಲ್ಲೇ ಉಳಿಯಬೇಕು. ಬಳಸಿದ ಆ ಜೆಟ್‌ಸ್ಕೀಯನ್ನು ಕೊಳ್ಳುವಾಗ ಅವಳ ಜೊತೆ ಕರಾವಳಿಯವರೆಗೆ ಹೋಗಿ, ಎಂಜಿನ್ನಿಗೆ ಕಿವಿಗೊಟ್ಟು, ಧೈರ್ಯವಾಗಿ ತೆಗೆದುಕೋ ಎಂದವನು ನಾನು.

ಸಕಲೇಶಪುರದಿಂದ ಬಂದ ಮೆಕ್ಯಾನಿಕ್ ನಮ್ಮ ಕಡೆಯ ಕಾಫಿ ಹಣ್ಣು ಸುಲಿಯುವ ಪಲ್ಪರು, ಟ್ರ್ಯಾಕ್ಟರು, ಪಂಪುಗಳನ್ನೆಲ್ಲ ಬಲ್ಲವನು. ಅವನು ಸೀಟು ಎತ್ತಿ, ಎಂಜಿನ್ನನ್ನು ಒಮ್ಮೆ ಮುಟ್ಟಿ, ತೀರ್ಪು ಕೊಟ್ಟ. ಸಮುದ್ರದ ಉಪ್ಪುನೀರಿನಲ್ಲಿ ದುಡಿದ ಗಾಡಿ, ಸಿಲಿಂಡರು ಸವೆದಿದೆ, ಪೂರ್ತಿ ಬಿಚ್ಚಬೇಕು. ಬಿಚ್ಚಿದರೆ ಗುರುವಾರದೊಳಗೆ ಕೂಡಿಸಲಾಗದು ಎಂಬುದನ್ನೂ ಅವನೇ ಹೇಳಿದ. ಮಧ್ಯಾಹ್ನದೊಳಗೆ ಆ ಮಾತು ತೋಟದ ಆಳುಗಳ ಲೈನ್ ಮನೆಗಳನ್ನು ದಾಟಿ ಕುಂದೂರಿನ ಹೋಟೆಲಿನವರೆಗೆ ತಲುಪಿತ್ತು. ಮಾರಿದವನು ಮೋಸಗಾರನೆಂದೂ ನಾನು ಮೋಸಹೋದ ಮುದುಕನೆಂದೂ ದಾರಿಯಲ್ಲಿ ಸೇರ್ಪಡೆಯಾಗಿತ್ತು.

ನಾನು ಶಾಲೆ ಬಿಟ್ಟದ್ದು ಏಳನೆಯ ತರಗತಿಗೆ. ಎಂಜಿನ್ನುಗಳನ್ನು ಕಲಿತದ್ದು ಪಂಪುಗಳ ಜೊತೆ ಬರುತ್ತಿದ್ದ ಇಂಗ್ಲಿಷ್ ಕೈಪಿಡಿಗಳಿಂದ, ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು. ಆ ಕಲಿಕೆಯ ಜೊತೆಗೇ ಅಂಟಿಕೊಂಡದ್ದು ಒಂದು ಹಟ: ಅಳೆಯದೆ ಹೇಳಿದ್ದನ್ನು, ಎಷ್ಟು ಜನ ಹೇಳಿದರೂ, ನಾನು ಒಪ್ಪುವುದಿಲ್ಲ. ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದು ಸಿಲಿಂಡರಿನ ಒತ್ತಡವನ್ನೂ ನನ್ನ ಗೇಜಿನಿಂದ ಅಳೆದೆ. ಎಲ್ಲದರಲ್ಲೂ ಮುಳ್ಳು ಈ ಯಂತ್ರದ ಕೈಪಿಡಿ ಹೇಳುವ ಜಾಗದಲ್ಲೇ ನಿಂತಿತು. ಸವೆದ ಎಂಜಿನ್ ಹಾಗೆ ಒತ್ತಡ ಹಿಡಿಯಲಾರದು.

"ಯಜಮಾನ್ರೇ, ನಿಮ್ ಗೇಜಿಗೂ ನಿಮ್ಮಷ್ಟೇ ವಯಸ್ಸಾಗೈತೆ," ಎಂದ ಮೆಕ್ಯಾನಿಕ್. "ಅದ್ರ ಕಣ್ಣಿಗೂ ಪೊರೆ ಬಂದಿರ್ಬೇಕು."

"ಹಂಗಾದ್ರೆ ನಿನ್ ಗೇಜ್ ತಗಂಬಾ ಮಾರಾಯ," ಎಂದೆ. ಅವನ ಬಳಿ ಗೇಜ್ ಇರಲಿಲ್ಲ.

ಬುಧವಾರ ಬೆಳಗ್ಗೆ ಟ್ಯಾಂಕಿನ ಪೆಟ್ರೋಲನ್ನು ಗಾಜಿನ ಬಾಟಲಿಗೆ ಬಸಿದು ಕಿಟಕಿಯಲ್ಲಿಟ್ಟು ಕಾದೆ. ತಳದಲ್ಲಿ ನೀರು ಕೂಡಲಿಲ್ಲ. ಆದರೂ ಹೊಸ ಪೆಟ್ರೋಲು ತುಂಬಿಸಿ, ಹೊಸ ಪ್ಲಗ್ಗು ಹಾಕಿ, ಮತ್ತೆ ನೀರಿಗಿಳಿಸಿದೆವು. ಐದೇ ನಿಮಿಷ, ಅದೇ ಕೂಗು, ಅದೇ ಕುಸಿತ. ತಂಗಿ ದಡಕ್ಕೆ ಬಂದು ಲೈಫ್ ಜಾಕೆಟ್ಟಿನ ಬಕಲುಗಳನ್ನು ಬಿಚ್ಚುತ್ತ, ನನ್ನ ಮುಖ ನೋಡದೆ ಹೇಳಿದಳು: "ಅಣ್ಣ, ಸುಮ್ನೆ ಬಿಚ್ಚಿಸ್ಬುಡಾನ. ಪರ್ಮಿಷನ್ನು ಮುಂದಿನ ವರ್ಷ ಕೇಳಿದ್ರಾಯ್ತು." ಅವಳು ಸಿಟ್ಟಾಗಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಬಿಚ್ಚುವ ಮೊದಲು ಒಂದು ತಾಸು ಕೇಳಿಕೊಂಡೆ. ಎಂಜಿನ್ ಅತಿಯಾಗಿ ಕಾದರೆ ಈ ಯಂತ್ರ ತಾನೇ ಕೂಗಿ, ತಾನೇ ವೇಗ ಇಳಿಸಿಕೊಳ್ಳುತ್ತದೆ ಎಂದು ಕೈಪಿಡಿಯಲ್ಲಿತ್ತು. ಎಂಜಿನ್ನನ್ನು ತಣಿಸಿದ ನೀರು ಪಕ್ಕದ ತೂತಿನಿಂದ ಧಾರೆಯಾಗಿ ಹೊರಬೀಳಬೇಕು. ಹಿನ್ನೀರಿನಲ್ಲಿ ಅದು ದಾರದಷ್ಟು ತೆಳ್ಳಗಿದ್ದುದನ್ನು ನಾನು ಕಂಡಿದ್ದೆ. ಯಂತ್ರವನ್ನು ಟ್ರೇಲರಿನ ಮೇಲೆ ಕಾಫಿ ಒಣಗಿಸುವ ಕಣಕ್ಕೆ ಎಳೆಸಿ, ನಲ್ಲಿಯ ಪೈಪನ್ನು ಅದಕ್ಕೆ ಜೋಡಿಸಿದೆವು. ಮೆಕ್ಯಾನಿಕ್ ಮೊದಲು ನಲ್ಲಿ ತಿರುಗಿಸಲು ಹೋದಾಗ ಅವನ ಕೈ ಹಿಡಿದು ತಡೆಯಬೇಕಾಯಿತು: ಎಂಜಿನ್ ಶುರುವಾಗುವ ಮೊದಲೇ ನೀರು ಬಿಟ್ಟರೆ ಅದು ಸಿಲಿಂಡರಿನೊಳಕ್ಕೆ ನುಗ್ಗಿ, ಅವನು ಹೇಳಿದ ರೋಗ ನಿಜವಾಗಿಯೇ ಬರುತ್ತಿತ್ತು. ಎಂಜಿನ್ ಹಚ್ಚಿ, ಆಮೇಲೆ ನೀರು ಬಿಟ್ಟೆವು. ಧಾರೆ ಹೆಬ್ಬೆರಳಿನ ಗಾತ್ರಕ್ಕೆ ಚಿಮ್ಮಿತು.

ಅಂದರೆ ಒಳಗಿನ ದಾರಿ ತೆರೆದೇ ಇತ್ತು. ನಲ್ಲಿಯ ನೀರು ಹೋಗುತ್ತಿತ್ತು, ಹಿನ್ನೀರು ಹೋಗುತ್ತಿರಲಿಲ್ಲ. ಈ ಯಂತ್ರ ಹೊಟ್ಟೆಯ ಕೆಳಗಿನ ಜಾಲರಿಯಿಂದ ನೀರೆಳೆದು ಹಿಂದಕ್ಕೆ ರಭಸದಿಂದ ಚಿಮ್ಮಿಸಿ ಮುನ್ನುಗ್ಗುತ್ತದೆ, ಅದರಲ್ಲೇ ಒಂದು ಪಾಲಿನಿಂದ ಮೈ ತಣಿಸಿಕೊಳ್ಳುತ್ತದೆ. ಬಂದ ದಿನದಿಂದ ಅದು ನೀರಿನಲ್ಲೋ ಟ್ರೇಲರಿನ ಮೇಲೋ ಇದ್ದುದರಿಂದ, ಪರೀಕ್ಷೆಗೆಂದು ಕೂಡಿದ್ದ ನಮ್ಮಲ್ಲಿ ಯಾರೂ ಅದರ ಹೊಟ್ಟೆ ನೋಡಿರಲಿಲ್ಲ. ಲೈನಿನ ನಾಲ್ವರು ಆಳುಗಳು ಅದನ್ನು ಎತ್ತಿ, ಕಾಫಿ ಹೊಟ್ಟಿನ ಮೂಟೆಗಳ ಮೇಲೆ ಓರೆಯಾಗಿ ಇಟ್ಟರು. ನಾನು ಚಾಪೆ ಹಾಸಿ ಅಂಗಾತ ಮಲಗಿ ಟಾರ್ಚು ಬಿಟ್ಟೆ.

ಜಾಲರಿಯ ಮೇಲೆ ಹಸಿರು ನೈಲಾನ್ ಬಲೆ. ಎರಡು ಮಡಿಕೆ, ಸುತ್ತಲೂ ತಂತಿಯ ಬಿಗಿ, ಮೇಲೆ ಪಾಚಿಯ ಲೋಳೆ.

ಆ ಕಟ್ಟು ನನಗೆ ಅಪರಿಚಿತವಾಗಿರಲಿಲ್ಲ. ಕಾಫಿ ಹೂವರಳಿಸಲು ಬೇಸಿಗೆಯಲ್ಲಿ ಸ್ಪ್ರಿಂಕ್ಲರಿನಿಂದ ನೀರು ಹಾಯಿಸುವಾಗ, ಹಳ್ಳಕ್ಕಿಳಿಸಿದ ಪಂಪಿನ ಪೈಪಿನ ಬಾಯಿಗೆ ತರಗೆಲೆ ಹೋಗದಂತೆ ನಾವೆಲ್ಲ ಹೀಗೆಯೇ ಬಲೆ ಕಟ್ಟುತ್ತೇವೆ. ನಿಧಾನವಾಗಿ ಎಳೆಯುವ ಪಂಪು ಅದನ್ನು ಸಹಿಸುತ್ತದೆ. ಇದು ಸಹಿಸಿರಲಿಲ್ಲ.

ಕಟ್ಟಿದವರು ಯಾರೆಂದು ಚಾಪೆಯ ಮೇಲಿಂದಲೇ ಗದರಿದೆ. ತೋಟದ ಪಂಪು ನೋಡಿಕೊಳ್ಳುವ ಆಳು ತಂಗಿಯ ಕಡೆ ನೋಡಿದ.

"ನೀನೇ ಹೇಳಿದ್ದಲ್ವೇನಣ್ಣ," ಎಂದಳು ಅವಳು. "ಗಾಡಿ ಲಾರಿಯಿಂದ ಇಳಿದ ದಿವ್ಸ. ಹಿನ್ನೀರಲ್ಲಿ ಜೊಂಡು ಐತೆ, ಬಾಯಿಗೆ ಬಲೆ ಕಟ್ಟಿ ಬಿಡ್ರೋ ಅಂದೆ."

ಇಲ್ಲ ಎನ್ನಲು ಬಾಯಿ ತೆರೆದೆ. ಆಗ ಲಾರಿಯ ಹಿಂಬಾಗಿಲು, ಅದರ ಪಕ್ಕದಲ್ಲಿ ಕೊಡೆ ಹಿಡಿದು ನಿಂತ ನಾನು, ತಲೆಯಾಡಿಸಿದ ಆ ಆಳು ಎಲ್ಲವೂ ಕಣ್ಣೆದುರು ಬಂದವು. ನಲವತ್ತು ವರ್ಷ ಪ್ರತಿ ಬೇಸಿಗೆಯಲ್ಲೂ ಹೇಳಿದ ಮಾತು. ಹೊಸ ಯಂತ್ರವೊಂದನ್ನು ಕಂಡಾಗಲೂ ಯೋಚನೆಗೆ ಕಾಯದೆ ಹೊರಬಿದ್ದಿತ್ತು. ಹೌದು, ಹೇಳಿದ್ದೆ ಎಂದೆ. ಮೆಕ್ಯಾನಿಕ್ ನಗಲಿಲ್ಲ. ಇಕ್ಕಳ ತಂದು, ನನ್ನ ಪಕ್ಕದಲ್ಲಿ ತಾನೂ ಮಲಗಿ, ತಂತಿಗಳನ್ನು ಒಂದೊಂದಾಗಿ ಕತ್ತರಿಸಿದ.

ಸಂಜೆ ಸುರಿದ ಹಿಂಗಾರು ಮಳೆ ಯಂತ್ರವನ್ನು ನೀರಿಗಿಳಿಸಲು ಬಿಡಲಿಲ್ಲ. ಹೀಗಾಗಿ ಬಲೆ ಬಿಚ್ಚಿದ ಮೇಲಿನ ಮೊದಲ ಓಟ ಅಧಿಕಾರಿಯ ಎದುರಿಗೇ ಆಯಿತು. ಅಷ್ಟು ಸಲ ಕಾದ ಎಂಜಿನ್ ಒಳಗೆ ಏನು ಕೆಡಿಸಿಕೊಂಡಿದೆಯೋ ನನಗೆ ಗೊತ್ತಿರಲಿಲ್ಲ. ಜಾಲರಿ ಈಗ ಬರಿದಾಗಿದ್ದುದರಿಂದ ಜೊಂಡಿನ ಭಯವೂ ಸುಳ್ಳಲ್ಲ. ತಂಗಿ ಜೊಂಡನ್ನು ತಪ್ಪಿಸಿ ದೂರದ ಸುತ್ತು ಹಿಡಿದಳು. ಐದು ನಿಮಿಷ ಕಳೆಯಿತು, ಕೂಗು ಕೇಳಲಿಲ್ಲ. ಆಮೇಲೆ ನಡುಗಡ್ಡೆ ಅವಳನ್ನು ಮರೆಮಾಡಿತು, ಎಂಜಿನ್ನಿನ ಸದ್ದೂ ಅಡಗಿತು. ಅಧಿಕಾರಿ ಗಡಿಯಾರ ನೋಡಿಕೊಂಡರು.

"ಸದ್ದೇ ಇಲ್ವಲ್ಲ ಯಜಮಾನ್ರೇ," ಎಂದ ಮೆಕ್ಯಾನಿಕ್ ಮೆಲ್ಲಗೆ.

ಅಡ್ಡವಿದ್ದ ನಡುಗಡ್ಡೆಯ ಗುಡ್ಡವೇ ಸದ್ದನ್ನು ತಡೆದಿರಬಹುದೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದನ್ನೂ ನಾನು ಅಳೆದಿರಲಿಲ್ಲ. ಕೊನೆಗೆ ನಡುಗಡ್ಡೆಯ ಆ ತುದಿಯಲ್ಲಿ ಬಿಳಿಯ ನೊರೆ ಕಂಡಿತು. ಅವಳು ಪೂರ್ತಿ ವೇಗದಲ್ಲಿ ಬಂದಳು. ದಡಕ್ಕೆ ತಾಗಿದಾಗ ಪಕ್ಕದ ಧಾರೆ ದಪ್ಪಗೆ ಸುರಿಯುತ್ತಲೇ ಇತ್ತು.

ಅಧಿಕಾರಿ ಅನುಮತಿಯ ಕಾಗದ ತೆರೆದು, ಯಂತ್ರದ ಹೊಣೆ ಯಾರದೆಂದು ಬರೆಯಬೇಕು ಎಂದರು. ಕಣ್ಣು ನನ್ನ ಮೇಲಿತ್ತು. ತಂಗಿ ಮೆಕ್ಯಾನಿಕ್ಕನ್ನು ತೋರಿಸಿದಳು.

"ನನ್ನ ಹೆಸ್ರು ಬರೆಸ್ತೀರಾ?" ಎಂದ ಅವನು. "ರೋಗ ಕಂಡುಹಿಡಿದೋರು ಯಜಮಾನ್ರು ಕಣ್ರೀ."

"ಬಲೆ ಕಟ್ಸಿದೋರೂ ಅವ್ರೇ," ಎಂದಳು ತಂಗಿ. "ನೀನು ತಪ್ಪಿದ್ರೆ ಬೈಬೋದು. ಅಣ್ಣನ್ನ ಬೈಯಕ್ಕೆ ನಂಗೆ ಬಾಯಿ ಬರಲ್ಲ."

ಅಧಿಕಾರಿಯ ಲೇಖನಿ ನನ್ನ ಮಾತಿಗಾಗಿ ಕಾಯುತ್ತಿತ್ತು. ಅವನ ಹೆಸರನ್ನೇ ಬರೆದುಕೊಳ್ಳಿ ಎಂದೆ. ಮೆಕ್ಯಾನಿಕ್ ತನ್ನ ಹೆಸರನ್ನೂ ವಿಳಾಸವನ್ನೂ ನಿಧಾನವಾಗಿ ಹೇಳತೊಡಗಿದ. ತಂಗಿ ಆಗಲೇ ದೋಣಿಗಳ ಹಗ್ಗ ಬಿಚ್ಚಲು ಹೊರಟಿದ್ದಳು.